ಬೆಳ್ಳಿಹಬ್ಬದ ದುಡ್ಡಲ್ಲಿ ಕಾಲೇಜಿಗೆ ಕಮಾನು ಕಟ್ಟಿಸಬೇಕಾ?

ಕಿಲ್ನ್ ಕಾಕಾ | ಮೆಕ್ಯಾನಿಕಲ್ 2001, ಬಳ್ಳಾರಿ; ಈಗ ಪುಣೆ

ನಮ್ಮ ಬ್ಯಾಚ್ ಹೊರಬಿದ್ದು 25 ವರ್ಷ ಆಯಿತು. ವಾಟ್ಸಾಪ್ ಗುಂಪಿನಲ್ಲಿ ದುಡ್ಡು ಸೇರುತ್ತಿದೆ, 6 ಲಕ್ಷ ದಾಟಿದೆ. ಕಾಲೇಜಿಗೆ ಏನು ಕೊಡೋಣ ಅಂತ ಯಾರೋ ಕೇಳಿದರು. ಮೊದಲ ಉತ್ತರ, ಗೇಟಿಗೆ ಗ್ರಾನೈಟ್ ಕಮಾನು, ಮೇಲೆ ಬ್ಯಾಚಿನ ಹೆಸರು. ಎರಡನೇ ಉತ್ತರ, ಸೆಮಿನಾರ್ ಹಾಲಿಗೆ ಎಸಿ. ಎರಡಕ್ಕೂ ಹೆಬ್ಬೆರಳುಗಳ ಸುರಿಮಳೆ. ನಾನು ಬೇಡ ಅಂದೆ. 'ಹಾಗಾದರೆ ನೀನೇ ಹೇಳಪ್ಪಾ' ಅಂದರು. ಗುಂಪಿನಲ್ಲಿ ಬರೆದರೆ ಗುಡ್ ಮಾರ್ನಿಂಗ್ ಚಿತ್ರಗಳ ಅಡಿಗೆ ಹೋಗುತ್ತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಕಾಲೇಜಿಗಾದರೂ ಈ ಮಾತು ಹೊಂದುತ್ತದೆ.

ನಾವು ಸೇರಿದ್ದು 1997ರಲ್ಲಿ, ಗುಲ್ಬರ್ಗಾ ವಿಶ್ವವಿದ್ಯಾಲಯದ ಕಾಲಕ್ಕೆ. ಮರುವರ್ಷ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶುರುವಾಯಿತು, ಜೂನಿಯರ್‌ಗಳು ಬೆಳಗಾವಿ ಲೆಕ್ಕಕ್ಕೆ ಹೋದರು. 2001ರಲ್ಲಿ ನಾವು ಹೊರಗೆ ಬಂದಾಗ ಸಾಫ್ಟ್‌ವೇರ್ ಕಂಪನಿಗಳೇ ಜನರನ್ನು ಮನೆಗೆ ಕಳಿಸುತ್ತಿದ್ದವು. ಮೆಕ್ಯಾನಿಕಲ್‌ನವರನ್ನು ಕೇಳೋರು ಯಾರು? ಹೊಸಪೇಟೆಯ ಒಂದು ವರ್ಕ್‌ಶಾಪಿನಲ್ಲಿ ದುಡಿದೆ. ಆಮೇಲೆ ಕೊಪ್ಪಳದ ಕಡೆ ಒಂದು ಸ್ಪಾಂಜ್ ಐರನ್ ಕಾರ್ಖಾನೆ, ಅದಿರನ್ನು ಕರಗಿಸದೇ ಕಬ್ಬಿಣ ಮಾಡೋದು. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ಅದು. ನಮ್ಮ ಕಡೆ ಒಂದರ ಪಕ್ಕ ಒಂದು ಕಿಲ್ನ್ ಏಳುತ್ತಿತ್ತು.

ಕಿಲ್ನ್ ನೋಡದವರಿಗೆ ಹೇಳುತ್ತೇನೆ. ಉದ್ದನೆಯ ಉಕ್ಕಿನ ಕೊಳವೆ, ಒಳಗೆ ಬೆಂಕಿ ಇಟ್ಟಿಗೆ. ಒಂಚೂರು ಇಳಿಜಾರಾಗಿ ಮಲಗಿರುತ್ತದೆ, ನಿಧಾನವಾಗಿ ತಿರುಗುತ್ತದೆ. ಒಳಗೆ ಅದಿರು, ಕಲ್ಲಿದ್ದಲು, ಸ್ವಲ್ಪ ಡಾಲೊಮೈಟ್. ಬಿಸಿ ಸಾವಿರ ಡಿಗ್ರಿಯ ಆಸುಪಾಸು. ಅದು ಕೈ ಮೀರಿದರೆ ಕಲ್ಲಿದ್ದಲಿನ ಬೂದಿ ಮೆತ್ತಗಾಗಿ ಗೋಡೆಗೆ ಅಂಟಿ ಉಂಗುರ ಕಟ್ಟುತ್ತದೆ. ರಿಂಗ್ ಬಂತು ಅಂತಾರೆ. ಮಾಲು ಮುಂದೆ ಹೋಗಲ್ಲ. ಕಿಲ್ನ್ ನಿಲ್ಲಿಸಿ, ಆರಿಸಿ, ಜನ ಒಳಗೆ ಹೋಗಿ ಒಡೆಯಬೇಕು. ಇದನ್ನು ನನಗೆ ಕಲಿಸಿದ್ದು ಐಟಿಐ ಓದಿದ್ದ ಒಬ್ಬ ಫಿಟ್ಟರ್. ಹೊರಗಿನ ತಗಡಿನ ಬಣ್ಣ ನೋಡೋರು, ಡ್ರೈವ್ ಮೋಟರಿನ ಆಂಪಿಯರ್ ನೋಡೋರು, 'ಒಳಗೆ ಕಟ್ಟುತ್ತಾ ಇದೆ ಸಾರ್' ಅನ್ನೋರು. ಅವರ ಮಾತು ಸುಳ್ಳಾಗಿದ್ದು ನಾನು ನೋಡಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಿರಿಲ್ಲದೆ ಕಿಲ್ನ್‌ಗಳು ತಣ್ಣಗಾದವು. ನಾನು ಪುಣೆಗೆ ಹೋದೆ. ಈಗ ಫ್ಯಾನು, ಪಂಪು, ಗೇರ್‌ಬಾಕ್ಸುಗಳ ವೈಬ್ರೇಷನ್ ನೋಡಿ ಯಾವ ಬೇರಿಂಗ್ ಯಾವಾಗ ಹೋಗುತ್ತೆ ಅಂತ ಹೇಳೋದು ಕೆಲಸ. ಆ ಫಿಟ್ಟರ್ ಕಣ್ಣು ಕಿವಿಯಲ್ಲಿ ಮಾಡುತ್ತಿದ್ದದ್ದನ್ನು ನಾನು ಸೆನ್ಸರ್ ಇಟ್ಟು ಮಾಡುತ್ತೇನೆ. ಸಂಬಳ ಮಾತ್ರ ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ನನ್ನ ತಕರಾರು ಇಷ್ಟೇ. ತೋರಣಗಲ್ಲು ನಮ್ಮ ಕಾಲೇಜಿನಿಂದ ಒಂದು ಗಂಟೆಯ ಹಾದಿ. ಉಕ್ಕಿನ ಕಾರ್ಖಾನೆ ನಾವು ಓದುವಾಗಲೇ ಎದ್ದು ನಿಂತಿತ್ತು. ನಾವು ಇಂಡಸ್ಟ್ರಿಯಲ್ ಟೂರ್ ಅಂತ ಹೋಗಿದ್ದು ಗೋವಾಕ್ಕೆ! ಈಗ ನಮ್ಮ ಬ್ಯಾಚಿನವರು ಇಲ್ಲಿನ ಎಷ್ಟೋ ಕಾರ್ಖಾನೆಗಳಲ್ಲಿ ಮ್ಯಾನೇಜರು, ಡಿಜಿಎಂ. ಬಾಗಿಲ ಕೀಲಿ ನಮ್ಮ ಕೈಯಲ್ಲೇ ಇದೆ. ಅದನ್ನು ತೆಗೆಯೋದು ಬಿಟ್ಟು ಕಾಲೇಜಿನ ಗೇಟಿಗೆ ಕಲ್ಲು ಮೆತ್ತೋದು ಯಾಕೆ? ದುಡ್ಡು ಕೊಡೋಣ. ಆದರೆ ಮೊದಲು ಹುಡುಗರನ್ನು ಒಳಗೆ ಕರೆದುಕೊಂಡು ಹೋಗೋಣ, ಅದೂ ಸೆಮಿಸ್ಟರ್ ಪೂರ್ತಿ. ನಿಮಗೇನು ಅನಿಸುತ್ತೆ, ಹೇಳಿ.


ಗ್ರಾನೈಟ್ ಗುರು | ಸಿವಿಲ್ 2001, ಹೊಸಪೇಟೆ

ಕಮಾನು ಅಂದವನು ನಾನೇ. ಅದಕ್ಕೇ ಉತ್ತರ ಕೊಡುತ್ತೇನೆ.

ಕಾಕಾ, ನೀನು ಪುಣೆಯಲ್ಲಿ ಕೂತು ಸೆಮಿಸ್ಟರ್ ಪೂರ್ತಿ ಅನ್ನೋದು ಸುಲಭ. ಎರಡು ಶನಿವಾರ ಜನ ಬರ್ತಾರೆ, ಮೂರನೇ ಶನಿವಾರ ಮದುವೆ, ನಾಲ್ಕನೇದು ಆಡಿಟ್. ನಮ್ಮ ಹತ್ತು ವರ್ಷದ ಸಮಾರಂಭ ನೆನಪಿದೆಯಾ? ಪ್ರತಿ ತಿಂಗಳು ಒಬ್ಬರು ಬಂದು ಪಾಠ ಮಾಡೋಣ ಅಂತ ವೇದಿಕೆ ಮೇಲೆ ಘೋಷಣೆ ಆಯಿತು. ಊಟ ಆಯಿತು, ಫೋಟೋ ಆಯಿತು, ಮುಗಿಯಿತು. ಕಲ್ಲು ಕಟ್ಟಿದರೆ ಕಲ್ಲಾದರೂ ಉಳಿಯುತ್ತೆ.


ಲ್ಯಾಬ್ ಬೀಗ | ಅಧ್ಯಾಪಕ, ಮೆಕ್ಯಾನಿಕಲ್

ಇದೇ ಭಾಗದ ಕಾಲೇಜುಗಳಲ್ಲಿ ಬಹಳ ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನೀವು ಕೊಟ್ಟದ್ದು ಆಮೇಲೆ ಏನಾಗುತ್ತೆ ಅಂತ ನೋಡೋದು ನಾವೇ ಅಲ್ವಾ.

ಒಂದು ಬ್ಯಾಚು ಕಂಪ್ಯೂಟರ್ ಕೊಟ್ಟಿತು. ಯುಪಿಎಸ್ ಬ್ಯಾಟರಿ ಹೋಯಿತು, ಬದಲಿಸೋಕೆ ಯಾವ ಖಾತೆಯಲ್ಲೂ ದುಡ್ಡಿಲ್ಲ. ಬೇಸಿಗೆಯಲ್ಲಿ ಬಳ್ಳಾರಿ ಕರೆಂಟು ಹೇಗೆ ಅಂತ ನಿಮಗೆ ಗೊತ್ತು. ಇನ್ನೊಂದು ಬ್ಯಾಚು 3ಡಿ ಪ್ರಿಂಟರ್ ಕೊಟ್ಟಿತು. ಅದಕ್ಕೆ ಹಾಕೋ ಪ್ಲಾಸ್ಟಿಕ್ ದಾರ ಮುಗಿದ ಮೇಲೆ ಮಷೀನಿಗೆ ಬಟ್ಟೆ ಹೊದಿಸಿದ್ದೇವೆ. ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್ ತಂಡ ಬಂದಾಗ ಬಟ್ಟೆ ತೆಗೆಯುತ್ತೇವೆ.

ಕಾಲೇಜಿಗೆ ಯಾವಾಗಲೂ ಕೊರತೆ ಬೀಳೋದು ಖರ್ಚಾಗಿ ಹೋಗೋ ಸಾಮಾನಿಗೆ. ವೆಲ್ಡಿಂಗ್ ರಾಡು, ಲೇತಿನ ಕಾರ್ಬೈಡ್ ತುದಿ, ಕಟಿಂಗ್ ಆಯಿಲ್, ಡಯಲ್ ಗೇಜು. ಇದಕ್ಕೆ ಯಾರೂ ದಾನ ಮಾಡಲ್ಲ, ಯಾಕಂದ್ರೆ ಇದರ ಮೇಲೆ ಹೆಸರು ಬರೆಯೋಕೆ ಜಾಗ ಇಲ್ಲ. ವರ್ಷಕ್ಕೆ 50 ಸಾವಿರದ ಇಂಥ ಸಾಮಾನು ತಪ್ಪದೆ ಬಂದರೆ ನಮ್ಮ ವರ್ಕ್‌ಶಾಪಿನಲ್ಲಿ ಪ್ರತಿಯೊಬ್ಬ ಹುಡುಗನೂ ಕೈಯಾರೆ ಜಾಬ್ (ಅಭ್ಯಾಸಕ್ಕೆ ಮಾಡೋ ಲೋಹದ ತುಂಡು) ಮಾಡಬಹುದು. ಈಗ ಐದು ಜನಕ್ಕೆ ಒಂದು ಜಾಬ್. ಒಬ್ಬ ಮಾಡುತ್ತಾನೆ, ನಾಲ್ವರು ರೆಕಾರ್ಡ್ ಬರೆಯುತ್ತಾರೆ.

ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಮೇಲೆ ನಮ್ಮ ಹಳೇ ವಿದ್ಯಾರ್ಥಿಯೊಬ್ಬರು ತಾವಾಗೇ ಕ್ಲಾಸಿಗೆ ಬಂದರು. ಫ್ಯಾಬ್ರಿಕೇಷನ್ ಕೆಲಸದವರು. ಬೋರ್ಡಿನ ಮೇಲೆ 60 ಅಡಿ ಅಗಲದ ಗೇಟು ಬರೆದರು. ನೀರಿನ ಒತ್ತಡ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಹುಡುಗರ ಕೈಯಲ್ಲೇ ಲೆಕ್ಕ ಹಾಕಿಸಿದರು. ನೀರು ರಭಸವಾಗಿ ಹರಿಯುತ್ತಿರುವಾಗಲೇ ಗೇಟಿನ ಬದಲು ತಾತ್ಕಾಲಿಕವಾಗಿ ನೀರು ತಡೆಯೋ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದೊಂದಾಗಿ ಇಳಿಸೋಕೆ ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಏನೇನು ಯೋಚನೆ ಮಾಡಬೇಕಾಗಿತ್ತು ಅಂತ ವಿವರಿಸಿದರು. 33 ಗೇಟಿನ ಡ್ಯಾಮಿನಲ್ಲಿ ಒಂದು ಗೇಟು ಹೋದರೆ ಮೂರು ರಾಜ್ಯದ ಗದ್ದೆಗಳಿಗೆ ನಡುಕ ಅಂದರು. ಕೂತಿದ್ದವರಲ್ಲಿ ಅರ್ಧ ಜನ ಅದೇ ಕಾಲುವೆಯ ನೀರು ಕುಡಿದು ಬೆಳೆದವರು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಅವರು ಬಂದಿದ್ದಕ್ಕೆ ಕಾಲೇಜಿಗೆ ಆದ ಖರ್ಚು ಒಂದು ಟೀ.


ಆರನೇ ಸೆಮ್ | ಇಇಇ ವಿದ್ಯಾರ್ಥಿ, ರಾಯಚೂರು ಜಿಲ್ಲೆ

ನಮಸ್ಕಾರ. ನಿಮ್ಮೆಲ್ಲರಿಗಿಂತ ಚಿಕ್ಕವನು, ತಪ್ಪು ತಿಳಿಯಬೇಡಿ. ದಯವಿಟ್ಟು ಮೋಟಿವೇಷನ್ ಸ್ಪೀಚ್ ಕೊಡೋಕೆ ಬರಬೇಡಿ. ಹಾಲಿನಲ್ಲಿ ಕೂರಿಸಿ, 'ನಾನೂ ನಿಮ್ಮ ಹಾಗೇ ಕೊನೇ ಬೆಂಚಿನಲ್ಲಿದ್ದೆ, ಇವತ್ತು ನೋಡಿ' ಅಂತಾರೆ. ನಾವು ಚಪ್ಪಾಳೆ ಹೊಡೆದು ಅಟೆಂಡೆನ್ಸ್ ತಗೊಂಡು ಬರುತ್ತೇವೆ.

ಕೆಲಸಕ್ಕೆ ಬಂದದ್ದು ಒಂದು ಹೇಳುತ್ತೇನೆ. ಒಬ್ಬ ಸೀನಿಯರ್ ಅಣ್ಣ ರಾತ್ರಿ ಹೊತ್ತು ಗೂಗಲ್ ಮೀಟಿನಲ್ಲಿ ಮಾಕ್ ಇಂಟರ್ವ್ಯೂ (ಅಭ್ಯಾಸದ ಸಂದರ್ಶನ) ಮಾಡುತ್ತಾರೆ. ಇಂಡಕ್ಷನ್ ಮೋಟರಿನಲ್ಲಿ ಸ್ಲಿಪ್ ಅಂದರೇನು ಅಂದರು. ಫಾರ್ಮುಲಾ ಒಪ್ಪಿಸಿದೆ. 'ಸ್ಲಿಪ್ ಸೊನ್ನೆ ಆದರೆ ಏನಾಗುತ್ತೆ?' ಅಂದರು. ಇಂಗ್ಲಿಷಿನಲ್ಲಿ ಶುರು ಮಾಡಿ ನಿಂತುಬಿಟ್ಟೆ. 'ಕನ್ನಡದಲ್ಲಿ ಹೇಳೋ' ಅಂದರು. ತಿರುಗೋ ರೋಟರಿನಲ್ಲಿ ಕರೆಂಟು ಹುಟ್ಟಲ್ಲ ಅಣ್ಣ, ಟಾರ್ಕ್ ಇರಲ್ಲ, ಅದಕ್ಕೇ ರೋಟರ್ ಯಾವತ್ತೂ ಸುತ್ತೋ ಕಾಂತಕ್ಷೇತ್ರಕ್ಕಿಂತ ಒಂಚೂರು ಹಿಂದೇ ಉಳಿಯುತ್ತೆ ಅಂದೆ. 'ನಿನಗೆ ಗೊತ್ತಿದೆ. ಇದನ್ನೇ ಮೂರು ಸಣ್ಣ ಇಂಗ್ಲಿಷ್ ವಾಕ್ಯ ಮಾಡು' ಅಂದರು. ಮಾಡಿದೆ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ ಓದಿದವನು ನಾನು. ನನಗೆ ಗೊತ್ತಿದೆ ಅಂತ ನನಗೆ ಮೊದಲು ಹೇಳಿದವರು ಅವರೇ.

ಇನ್ನೊಂದು ವಿಷಯ, ಇಯರ್ ಬ್ಯಾಕ್, ಅಂದರೆ ಹಳೇ ಪೇಪರ್ ಪಾಸಾಗದೆ ವರ್ಷ ಕಳೆದುಕೊಳ್ಳೋದು. ಮೊದಲ ವರ್ಷದ ಮ್ಯಾಥ್ಸ್ ಒಂದು ಉಳಿದರೂ ಮೂರನೇ ವರ್ಷಕ್ಕೆ ಹೋಗೋಕಾಗಲ್ಲ. ಹಾಗೆ ವರ್ಷ ಕಳೆದುಕೊಂಡ (ಕ್ರಿಟಿಕಲ್ ಅಂತೀವಿ) ನನ್ನ ರೂಮ್‌ಮೇಟ್ ಈಗ ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೂತಿದ್ದಾನೆ. ಅವನಿಗೆ ಬೇಕಾಗಿದ್ದದ್ದು ಎರಡು ತಿಂಗಳ ಮ್ಯಾಥ್ಸ್ ಪಾಠ. ಸ್ಕಾಲರ್‌ಶಿಪ್ ಎಸ್‌ಎಸ್‌ಪಿಯಲ್ಲಿ (ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ತಡವಾಗಿ ಬರುತ್ತೆ, ಪರೀಕ್ಷೆ ಫೀಸಿನ ಕೊನೇ ದಿನ ಮಾತ್ರ ಕಾಯಲ್ಲ. ಆ ಹೊತ್ತಿಗೆ ಸಾಲ ಕೊಟ್ಟು, ಸ್ಕಾಲರ್‌ಶಿಪ್ ಬಂದಾಗ ವಾಪಸ್ ತಗೊಳ್ಳೋ ಒಂದು ನಿಧಿ ಇದ್ದರೂ ಸಾಕು. ಪುಕ್ಕಟೆ ಬೇಡ.


ನೇರ ಮಾತು | ರಾಯಚೂರು

ಎಲ್ಲರೂ ತುಂಬಾ ಭಾವುಕರಾಗಿದ್ದೀರಿ, ನಾನು ಸ್ವಲ್ಪ ಕಹಿ ಮಾತಾಡುತ್ತೇನೆ. ಖಾಸಗಿ ಕಾಲೇಜು ಫೀಸು ತಗೊಳ್ಳುತ್ತೆ, ವೆಲ್ಡಿಂಗ್ ರಾಡು ನಾವು ಕೊಡಬೇಕಾ? ಸರ್ಕಾರಿ ಕಾಲೇಜಾದರೆ ಅದು ಸರ್ಕಾರದ ಕೆಲಸ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡೋ 371ಜೆ ತಂದಿದ್ದು ಯಾಕೆ? ಸೀಟು, ನೌಕರಿಯಲ್ಲಿ ಮೀಸಲಾತಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಖಾಲಿ ಅಧ್ಯಾಪಕ ಹುದ್ದೆಗಳನ್ನು ತುಂಬಿ ಅಂತ ಕೇಳೋದು ಬಿಟ್ಟು ನಾವು ಚಂದಾ ಎತ್ತಿದರೆ, ಕೊಡಬೇಕಾದವರು ಆರಾಮಾಗಿ ಕೂತಿರುತ್ತಾರೆ.


ಕಿಲ್ನ್ ಕಾಕಾ

ನೇರ ಮಾತು ಅವರೇ, ಅರ್ಧ ಒಪ್ಪುತ್ತೇನೆ. ಆಡಳಿತ ಮಂಡಳಿ ಖರ್ಚು ಮಾಡಬೇಕಾದ ಜಾಗದಲ್ಲಿ ನಾವು ದುಡ್ಡು ಸುರಿಯಬಾರದು. ಎಸಿ, ಕಟ್ಟಡ, ಕಮಾನು, ಎಲ್ಲಾ ಅವರ ಬಾಬ್ತು. ಆದರೆ ಹುದ್ದೆ ತುಂಬಿ ಅಂತ ನಾವು ಅರ್ಜಿ ಬರೆದು ಅದು ವಿಧಾನಸೌಧ ಸುತ್ತಿ ಬರುವಷ್ಟರಲ್ಲಿ ಆರನೇ ಸೆಮ್‌ನ ಹುಡುಗ ಎಂಟನೇ ಸೆಮ್ ಮುಗಿಸಿರುತ್ತಾನೆ. ಅರ್ಜಿಯನ್ನೂ ಬರೆಯೋಣ, ಮ್ಯಾಥ್ಸ್ ಪಾಠವನ್ನೂ ಮಾಡೋಣ.


ಶಕ್ತಿನಗರ ಶಿಫ್ಟ್ | ಮೆಕ್ಯಾನಿಕಲ್ 2008

ಬಾಯ್ಲರ್ ಮೆಂಟೇನೆನ್ಸಿನಲ್ಲಿದ್ದೇನೆ. ನನ್ನ ಕಡೆಯಿಂದ ಒಂದು ಸಲಹೆ. ರಾಯಚೂರಿನಷ್ಟು ಒಳ್ಳೇ ಥರ್ಮಲ್ ಪಾಠಶಾಲೆ ರಾಜ್ಯದಲ್ಲಿ ಇನ್ನೆಲ್ಲಿದೆ ಹೇಳಿ. ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ (ರಾಯಚೂರು ಉಷ್ಣ ವಿದ್ಯುತ್ ಕೇಂದ್ರ) 210 ಮೆಗಾವ್ಯಾಟಿನ ಏಳು ಯೂನಿಟ್, 250ರದ್ದು ಒಂದು. ಒಟ್ಟು 1720 ಮೆಗಾವ್ಯಾಟ್. ಮೊದಲ ಯೂನಿಟ್ ಶುರುವಾಗಿದ್ದು 1985ರಲ್ಲಿ. ಊರ ಮಗ್ಗುಲಲ್ಲೇ ಯರಮರಸ್, 800ರ ಎರಡು ಯೂನಿಟ್, ಸೂಪರ್ ಕ್ರಿಟಿಕಲ್.

ಇದರಲ್ಲೇನು ವಿಶೇಷ ಅಂತೀರಾ? ಶಕ್ತಿನಗರದ ಬಾಯ್ಲರಿನ ತಲೆ ಮೇಲೆ ಡ್ರಮ್ ಇದೆ. ಅಲ್ಲಿ ನೀರು ಬೇರೆ, ಹಬೆ ಬೇರೆ ಆಗುತ್ತೆ. ಯರಮರಸ್‌ನಲ್ಲಿ ಡ್ರಮ್ಮೇ ಇಲ್ಲ. ಒತ್ತಡ 221 ಬಾರ್ ದಾಟಿದ ಮೇಲೆ ನೀರು ಕುದಿಯೋ ಪ್ರಶ್ನೆಯೇ ಇರಲ್ಲ, ನೀರೇ ಹಾಗೇ ಹಬೆಯಾಗಿ ಮುಂದೆ ಹೋಗುತ್ತೆ. ಥರ್ಮೋ ಪುಸ್ತಕದಲ್ಲಿ ಗುಮ್ಮಟದ ಹಾಗಿರೋ ಒಂದು ಗೆರೆ ಇರುತ್ತಲ್ಲ, ಎಲ್ಲರೂ ಪರೀಕ್ಷೆಗೆ ಬಾಯಿಪಾಠ ಮಾಡೋದು? ಆ ಗುಮ್ಮಟದ ಒಳಗೆ ಒಂದು ಸ್ಟೇಷನ್, ಮೇಲೆ ಇನ್ನೊಂದು. ಬೆಳಿಗ್ಗೆ ಇದು, ಮಧ್ಯಾಹ್ನ ಅದು, ಒಂದೇ ದಿನ ಎರಡನ್ನೂ ನೋಡಿದ ಹುಡುಗ ಇನ್ಯಾವತ್ತೂ ಅದನ್ನು ಮರೆಯಲ್ಲ.

ಆದರೆ ನೂರು ಜನರ ಬಸ್ಸು ತರಬೇಡಿ. ಅದು ಜಾತ್ರೆ ಆಗುತ್ತೆ. ಟರ್ಬೈನ್ ಫ್ಲೋರಿನಲ್ಲಿ ಸದ್ದಿಗೆ ಹಿಂದಿನವರಿಗೆ ಏನೂ ಕೇಳಿಸಲ್ಲ, ಸೆಲ್ಫಿ ತಗೊಂಡು ಬರುತ್ತಾರೆ. ಹದಿನೈದು ಜನ ಸಾಕು, ಒಂದೇ ಗುಂಪು, ಮೂರು ನಾಲ್ಕು ಸಲ. ಮೊದಲ ಸಲ ಬರೀ ನೋಡೋದು. ಎರಡನೇ ಸಲ ಪೈಪಿಂಗ್ ಡ್ರಾಯಿಂಗ್ ಕೈಯಲ್ಲಿ ಹಿಡಿದು ವಾಲ್ವ್ ಹುಡುಕೋದು. ನನ್ನನ್ನು ಕೇಳಿದರೆ ಅದೇ ನಿಜವಾದ ಪರೀಕ್ಷೆ. ಯೂನಿಟ್ ಓವರ್‌ಹಾಲಿಗೆ ನಿಂತಾಗ ಬಂದರಂತೂ ಹಬ್ಬ. ಸೋರಿದ ಟ್ಯೂಬನ್ನು ಕತ್ತರಿಸಿ ತೆಗೆದು ಕೈಗೆ ಕೊಡುತ್ತೇನೆ. ಒಂದು ಕಡೆ ಕಾಗದದಷ್ಟು ತೆಳು, ಇನ್ನೊಂದು ಕಡೆ ಹೊಸದರಷ್ಟೇ ದಪ್ಪ. ಯಾಕೆ ಹೀಗಾಯಿತು ಅಂತ ಅವರೇ ಹೇಳಲಿ. ಹಾರುಬೂದಿ ಬಡಿದು ಸವೆದದ್ದು ಅಂತ ನಾನು ಮೊದಲೇ ಹೇಳಲ್ಲ.


ಡಲ್ಲಾಸ್ ಒಗ್ಗರಣೆ | ಇಸಿ 1999, ಅಮೆರಿಕ

ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಿಟ್ಟು ಬಂದು ಬಹಳ ವರ್ಷ ಆಯಿತು. ದುಡ್ಡು ಕೊಡೋಕೆ ನಾವು ತಯಾರು, ಆದರೆ ದಾರಿ ಗೊತ್ತಾಗುತ್ತಿಲ್ಲ. ನಾನೀಗ ಇಲ್ಲಿನ ಪೌರ, ಭಾರತೀಯ ಮೂಲದವರಿಗೆ ಕೊಡೋ ಒಸಿಐ ಕಾರ್ಡ್ ಇದೆ. ಸುಮ್ನೆ ಗೆಳೆಯನ ಖಾತೆಗೆ ಹಾಕಿ ಅವನಿಂದ ಕೊಡಿಸಿದರೆ ಆಗಲ್ವಾ?


ಪಕ್ಕಾ ಲೆಕ್ಕ | ಸಿಎ, ಬಳ್ಳಾರಿ

ಆಗಲ್ಲ, ಮಾಡಬೇಡಿ. ಭಾರತದ ಪಾಸ್‌ಪೋರ್ಟ್ ಇರೋ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ, ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳಲ್ಲ. ಆದರೆ ಬೇರೆ ದೇಶದ ಪೌರತ್ವ ತಗೊಂಡವರು, ಒಸಿಐ ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ, ವಿದೇಶಿ ಮೂಲ. ಪಡೆಯೋ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನಮ್ಮ ಕಡೆಯ ಹಳೇ ವಿದ್ಯಾರ್ಥಿಗಳ ಸಂಘಗಳಲ್ಲಿ ಎಷ್ಟಕ್ಕೆ ಇದೆಲ್ಲ ಇದೆ, ಮೊದಲು ಕೇಳಿ ನೋಡಿ. ಗೆಳೆಯನ ಖಾತೆಯ ದಾರಿ ಹಿಡಿದರೆ ನಾಳೆ ಗೆಳೆಯನೇ ಉತ್ತರ ಕೊಡಬೇಕಾಗುತ್ತೆ.

ಇಲ್ಲಿರೋರಿಗೂ ಒಂದು ಮಾತು. ಸಂಘ 1960ರ ಕರ್ನಾಟಕ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದ್ದರೆ ದಾನ ಕೊಟ್ಟವರಿಗೆ ಸಿಗೋ ತೆರಿಗೆ ರಿಯಾಯಿತಿ (1961ರ ಕಾಯ್ದೆಯ 80ಜಿ) ತಾನಾಗೇ ಬರಲ್ಲ, ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆ ಅರ್ಜಿ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಆ ರಿಯಾಯಿತಿ ಸಿಗೋದೇ ಇಲ್ಲ. ಕಂಪನಿ ದುಡ್ಡು ಬೇಕಾದರೆ ಸಿಎಸ್‌ಆರ್ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಕಾರ್ಖಾನೆಯ ಸುತ್ತಲಿನ ಊರಿಗೆ ಆದ್ಯತೆ. ಕಂಪನಿಯೊಳಗೆ ಆ ಫೈಲ್ ನೋಡೋರು ನಿಮ್ಮ ಬ್ಯಾಚಿನವರೇ ಇರಬಹುದು, ವಿಚಾರಿಸಿ.


ಹೊಟ್ಟು ಬಾಯ್ಲರ್ | ಇಇಇ 2010, ಗಂಗಾವತಿ

ಬೆಂಗಳೂರಿನಲ್ಲಿ ಐದಾರು ವರ್ಷ ಕೋಡ್ ಬರೆದು ವಾಪಸ್ ಬಂದವನು. ಈಗ ಮನೆಯ ರೈಸ್ ಮಿಲ್ ನೋಡಿಕೊಳ್ಳುತ್ತೇನೆ. ಕಾಲೇಜಿನ ಸಮಾರಂಭಕ್ಕೆ ನನ್ನನ್ನು ಯಾರೂ ಕರೆಯಲ್ಲ, ಯಾಕಂದ್ರೆ 'ಮಿಲ್ ಮಾಲೀಕ' ಅಂತ ಬ್ಯಾನರಿನಲ್ಲಿ ಹಾಕಿದರೆ ಚೆನ್ನಾಗಿ ಕಾಣಲ್ಲ!

ನಮ್ಮ ಹುಡುಗರು ಕೊನೇ ವರ್ಷದ ಪ್ರಾಜೆಕ್ಟ್ ಅಂಗಡಿಯಲ್ಲಿ ಕೊಂಡುಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ. ಅದೇ ಕಣ್ಣಿಲ್ಲದವರ ಕೋಲು, ಅದೇ ತಾನಾಗೇ ನೀರು ಬಿಡೋ ಪಂಪು. ಹೋದ ವರ್ಷ ನಾಲ್ಕು ಜನರನ್ನು ಕರೆದು ಮಿಲ್ಲಿನ ಜೆಸ್ಕಾಂ ಕರೆಂಟ್ ಬಿಲ್ ಕೈಗೆ ಕೊಟ್ಟೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರೋ ಪಾಲು) ಕಡಿಮೆ ಅಂತ ದಂಡ ಬೀಳುತ್ತಿತ್ತು. ಎಲ್ಲಿಂದ ಅಂತ ನೀವೇ ಹುಡುಕಿ ಅಂದೆ. ಕ್ಲಾಂಪ್ ಮೀಟರ್ ಹಿಡಿದು ಒಂದೊಂದೇ ಮೋಟರ್ ಅಳೆದರು. ಎಲಿವೇಟರಿಗೆ ಹಾಕಿದ್ದ ಮೋಟರ್ ಬೇಕಾದದ್ದಕ್ಕಿಂತ ದೊಡ್ಡದು, ಅರ್ಧ ಲೋಡೂ ಇಲ್ಲ. ಅದನ್ನು ಸರಿದೂಗಿಸೋ ಕೆಪಾಸಿಟರ್‌ಗಳಲ್ಲಿ ಎರಡು ಸತ್ತಿದ್ದವು. ಸರಿ ಮಾಡಿದ ಮೇಲೆ ದಂಡ ನಿಂತಿತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು 'ಇದರಲ್ಲಿ ಹೊಸದೇನಿದೆ?' ಅಂದರಂತೆ. ಹುಡುಗಿಯೊಬ್ಬಳು ಬಿಲ್ಲನ್ನೇ ತೆಗೆದು ಮುಂದೆ ಇಟ್ಟಳಂತೆ.

ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಎಷ್ಟು ಮಿಲ್ಲುಗಳಿವೆ! ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋರು, ರಾಯಚೂರಿನಲ್ಲಿ ಹತ್ತಿ ಜಿನ್ನಿಂಗು. ಎಲ್ಲಾ ಕಡೆ ಇಂಥ ಬಿಲ್ಲುಗಳಿವೆ.


ಕಿನ್ನಾಳ ರಸ್ತೆ | ಸಿವಿಲ್ 2006, ಕೊಪ್ಪಳ

ಓದುತ್ತಾ ಬಂದೆ. ಇಲ್ಲಿವರೆಗೆ ಎಲ್ಲರೂ 'ಹುಡುಗರು' ಅಂತಲೇ ಬರೆದಿದ್ದೀರಿ. ರೈಸ್ ಮಿಲ್‌ನವರ ಕೊನೆಯಲ್ಲಿ ಒಬ್ಬಳು ಹುಡುಗಿ ಕಂಡಳು, ಪುಣ್ಯ.

ಹುಡುಗಿಯರಿಗೆ ಪ್ಲಾಂಟ್ ವಿಸಿಟ್ ತಪ್ಪೋದು ಸಂಜೆ ಬಸ್ಸಿಗೆ. ಹಾಸ್ಟೆಲ್ ಬಾಗಿಲು ಹಾಕೋ ಹೊತ್ತಿಗೆ ವಾಪಸ್ ಬರಬೇಕು. ಮನೆಯಿಂದ ಓಡಾಡೋರಿಗೆ ಯಲಬುರ್ಗಾ, ಕುಷ್ಟಗಿ ಕಡೆ ಕೊನೇ ಬಸ್ ಹೋದರೆ ಮುಗಿಯಿತು. ಇಂಟರ್ನ್‌ಶಿಪ್ ಕೇಳಿದರೆ ಕಾರ್ಖಾನೆಯವರು 'ಆಫೀಸಿನಲ್ಲಿ ಕೂತು ಎಕ್ಸೆಲ್ ಮಾಡಮ್ಮ' ಅಂತಾರೆ. ನನಗೂ ಹಾಗೇ ಅಂದಿದ್ದರು. ಶಾಪ್ ಫ್ಲೋರಿಗೆ ಬಿಡಿ ಅಂತ ಒಳಗಿನಿಂದ ಹೇಳೋ ಒಬ್ಬ ಸೀನಿಯರ್ ಇದ್ದರೆ ಸಾಕಾಗುತ್ತೆ. ನಿಮ್ಮ 6 ಲಕ್ಷದಲ್ಲಿ ಬಸ್ ಬಾಡಿಗೆ ಅಂತ ಒಂದು ಪಾಲು ಇಡಿ. ಬೆಳಿಗ್ಗೆ ಬೇಗ ಹೊರಟು ನಾಲ್ಕಕ್ಕೆ ವಾಪಸ್.

ಇನ್ನು, ಊರಲ್ಲೇ ಉಳಿದವರನ್ನು ಮರೆಯಬೇಡಿ. ಪಂಚಾಯತ್ ರಾಜ್ ಸಹಾಯಕ ಎಂಜಿನಿಯರ್, ಜೆಸ್ಕಾಂ ಸೆಕ್ಷನ್ ಆಫೀಸರ್, ನನ್ನ ಹಾಗೆ ಸಣ್ಣ ಕಟ್ಟಡದ ಎಸ್ಟಿಮೇಟ್ ಮಾಡೋರು. ಮ್ಯಾಥ್ಸ್ ಪಾಠ ಮಾಡೋಕೆ ಪುಣೆಯಿಂದ ಯಾರೂ ಬರಬೇಕಿಲ್ಲ. ಶನಿವಾರ ಸಂಜೆ ನಾನು ಕೊಡುತ್ತೇನೆ, ಮೊದಲ ವರ್ಷದ ಎಂ1, ಎಂ2 ಎರಡೂ.


ಗ್ರಾನೈಟ್ ಗುರು

ಸರಿಯಪ್ಪ, ಕಮಾನಿನ ಮಾತು ವಾಪಸ್ ತಗೊಂಡೆ. ಆದರೆ ಶನಿವಾರದ ಪಟ್ಟಿ ಯಾರು ಇಟ್ಟುಕೊಳ್ಳೋರು? ಪಟ್ಟಿ ಇಲ್ಲದಿದ್ದರೆ ನಾನು ಮೊದಲು ಹೇಳಿದ್ದೇ ಆಗುತ್ತೆ.


ಕಿಲ್ನ್ ಕಾಕಾ

ಪಟ್ಟಿ ನೀನೇ ಇಟ್ಟುಕೋ. ಬೈಯೋಕೆ ನಿನ್ನಷ್ಟು ಲಾಯಕ್ಕಾದವರು ಬ್ಯಾಚಿನಲ್ಲಿ ಇನ್ಯಾರಿದ್ದಾರೆ?

ಗುಂಪಿನಲ್ಲಿ ಮಾತಾಡಿದೆ. ಸದ್ಯಕ್ಕೆ ಹೀಗೆ ಅಂತ ಆಗಿದೆ. 2 ಲಕ್ಷ ಪರೀಕ್ಷೆ ಫೀಸಿನ ಸಾಲದ ನಿಧಿಗೆ. ಅದನ್ನು ಇಬ್ಬರು ಅಧ್ಯಾಪಕರು, ನಮ್ಮಲ್ಲಿ ಒಬ್ಬರು ನೋಡಿಕೊಳ್ಳುತ್ತಾರೆ, ಯಾರ ಹೆಸರೂ ನೋಟಿಸ್ ಬೋರ್ಡಿಗೆ ಬರಲ್ಲ. ವರ್ಕ್‌ಶಾಪ್ ಸಾಮಾನಿಗೆ ವರ್ಷಕ್ಕೆ 50 ಸಾವಿರ, ಮೂರು ವರ್ಷ. ನಗದು ಕೊಡಲ್ಲ, ಅಧ್ಯಾಪಕರು ಪಟ್ಟಿ ಕೊಟ್ಟರೆ ಸಾಮಾನು ತಲುಪುತ್ತೆ. ಉಳಿದದ್ದು ಬಸ್ಸಿಗೆ. ಡಲ್ಲಾಸ್ ಒಗ್ಗರಣೆ ಅವರೇ, ದುಡ್ಡು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ, ಮಾಕ್ ಇಂಟರ್ವ್ಯೂಗೆ ಕೂತುಕೊಳ್ಳಿ. ನಿಮ್ಮ ಬೆಳಿಗ್ಗೆ ನಮ್ಮ ಸಂಜೆ, ಹೊಂದುತ್ತೆ. ಬಸ್ ಬಳ್ಳಾರಿಯಿಂದ ಹೊರಡುತ್ತೆ, ರಾಯಚೂರಿನ ಹುಡುಗರು, ಹುಡುಗಿಯರು ನೇರ ಶಕ್ತಿನಗರಕ್ಕೇ ಬರಲಿ. ಎಸಿ ಕೇಳಿದವರು ಇನ್ನೂ ಮುನಿಸಿಕೊಂಡಿದ್ದಾರೆ, ಇರಲಿ.


ಆರನೇ ಸೆಮ್

ಅಣ್ಣ, ಶಕ್ತಿನಗರಕ್ಕೆ ನಾವು ಏನೇನು ತರಬೇಕು? ಮೊದಲ ಗುಂಪಿಗೆ ಹದಿನೈದು ಜನ ಆಗಿದ್ದೇವೆ, ಅದರಲ್ಲಿ ಆರು ಹುಡುಗಿಯರು.


ಶಕ್ತಿನಗರ ಶಿಫ್ಟ್

ಗೇಟ್ ಪಾಸಿಗೆ ಕಾಲೇಜಿನ ಪತ್ರ, ಎಲ್ಲರ ಆಧಾರ್ ನಕಲು, ಹತ್ತು ದಿನ ಮುಂಚೆ. ಚಪ್ಪಲಿ, ಸಡಿಲ ಬಟ್ಟೆ ನಡೆಯಲ್ಲ. ಉದ್ದ ಕೂದಲು, ದುಪಟ್ಟಾ ಬಿಗಿಯಾಗಿ ಕಟ್ಟಿರಬೇಕು. ಸೇಫ್ಟಿ ಶೂ ಇಲ್ಲದವರು ಸೈಜ್ ಬರೆದು ಕಳಿಸಿ, ಸ್ಟೋರಿನಲ್ಲಿ ವಿಚಾರಿಸುತ್ತೇನೆ. ಹೆಲ್ಮೆಟ್ ಇಲ್ಲೇ ಕೊಡುತ್ತಾರೆ. ಬೆಳಿಗ್ಗೆ ತಿಂಡಿ ತಿಂದೇ ಬನ್ನಿ, ಬಾಯ್ಲರಿಗೆ ಹತ್ತೋಕೆ ಮೆಟ್ಟಿಲು ಬಹಳ. ಮತ್ತೆ, ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಬರೆದುಕೊಂಡು ಬನ್ನಿ. ಕನ್ನಡದಲ್ಲಿ ಬರೆದರೂ ನಡೆಯುತ್ತೆ.